ಟ್ಯೂಬ್ ಆಂಪ್ ಬೇಕಾ, ಸಾಲಿಡ್ ಸ್ಟೇಟ್ ಸಾಕಾ?

ಗಿಟಾರ್ ಆಂಪ್ (ಗಿಟಾರಿನ ಸ್ವರ ಜೋರಾಗಿಸುವ ಆಂಪ್ಲಿಫೈಯರ್) ಕೊಳ್ಳುವ ಮಾತೆತ್ತಿದರೆ ಸಾಕು, ಗೆಳೆಯರ ಗುಂಪು ಎರಡಾಗಿ ಬಿಡುತ್ತದೆ: ಗಾಜಿನ ವ್ಯಾಕ್ಯೂಮ್ ಟ್ಯೂಬ್ ಇರುವುದೇ ಬೇಕು ಅನ್ನುವವರು, ಟ್ರಾನ್ಸಿಸ್ಟರಿನ ಸಾಲಿಡ್ ಸ್ಟೇಟ್ ಸಾಕು ಅನ್ನುವವರು. ಟ್ಯೂಬಿನ ಸ್ವರವೇ ಬೇರೆ, ಒಪ್ಪುತ್ತೇನೆ. ಜೋರಾಗಿ ಮೀಟಿದರೆ ಸ್ವರ ಹದವಾಗಿ ಒಡೆದು ಒರಟಾಗುತ್ತದೆ, ಮೆಲ್ಲಗೆ ಮೀಟಿದರೆ ತಿಳಿಯಾಗುತ್ತದೆ. ಆದರೆ ಆ ಮಜಾ ಪೂರ್ತಿ ಸಿಗಬೇಕಾದರೆ ವಾಲ್ಯೂಮ್ ಏರಿಸಲೇಬೇಕು. 15 ವ್ಯಾಟಿನದ್ದಾದರೂ ಅಷ್ಟೇ, ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುವುದು ಗ್ಯಾರಂಟಿ. ಟ್ಯೂಬ್ ಸವೆದಾಗ ಬದಲಿಸುವ ಖರ್ಚು ಬೇರೆ.

ಸಾಲಿಡ್ ಸ್ಟೇಟ್ ಅಂದರೆ ಮೂಗು ಮುರಿಯುವವರು ರೋಲ್ಯಾಂಡ್ ಕಂಪನಿಯ ಜೆಸಿ-120 ಆಂಪ್ ಕೇಳಬೇಕು. 1975ರಲ್ಲಿ ಬಂದದ್ದು, ಒಳಗೆ ಒಂದೂ ಟ್ಯೂಬ್ ಇಲ್ಲ. ಎರಡು 12 ಇಂಚಿನ ಸ್ಪೀಕರ್, ಎರಡಕ್ಕೂ ಬೇರೆ ಬೇರೆ ಪವರ್ ಆಂಪ್. ಕೋರಸ್ (ಒಂದೇ ಗಿಟಾರ್ ಹಲವರು ನುಡಿಸಿದಂತೆ ಕೇಳಿಸುವ ಎಫೆಕ್ಟ್) ಹಾಕಿದರೆ ಒಂದರಿಂದ ನೇರ ಸ್ವರ, ಇನ್ನೊಂದರಿಂದ ಸ್ವಲ್ಪ ಓಲಾಡುವ ಸ್ವರ. ಎರಡೂ ಬೆರೆಯುವುದು ಕೋಣೆಯ ಗಾಳಿಯಲ್ಲಿ, ತಂತಿಯೊಳಗಲ್ಲ. ಎದುರು ನಿಂತು ಒಂದು ಕಾರ್ಡ್ (ಸ್ವರಗುಚ್ಛ) ಹಿಡಿದರೆ ಸುಮ್ನೆ ಹಾಗೇ ನಿಂತುಬಿಡಬೇಕು ಅನ್ನಿಸುತ್ತದೆ. ಅದರದೇ ಡಿಸ್ಟಾರ್ಶನ್ (ಸ್ವರವನ್ನು ಒರಟಾಗಿಸುವ ಎಫೆಕ್ಟ್) ಮಾತ್ರ ಕಿವಿಗೆ ಹಿಡಿಸುವುದಿಲ್ಲ ಬಿಡಿ. ಭಾರವೂ ಕಮ್ಮಿಯೇನಲ್ಲ, ಸುಮಾರು 28 ಕೆಜಿ!

ಸದ್ಯಕ್ಕೆ ಮನೆಗೆ ಚಿಕ್ಕ ಸಾಲಿಡ್ ಸ್ಟೇಟೇ ಸರಿ. ಟ್ಯೂಬಿನ ಆಸೆ ಜಾಸ್ತಿಯಾದಾಗ ಜ್ಯಾಮ್ ರೂಮಿಗೆ (ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆ) ಹೋಗಿ ಗಂಟೆ ಲೆಕ್ಕದಲ್ಲಿ ನುಡಿಸಿದರಾಯ್ತು, ಅಲ್ವಾ?