ವಯಲ್ ಚೀಟಿಯ ಮೇಲೆ ಗಂಟೆಯನ್ನೂ ಬರೆಯಿರಿ

ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಾನು ತಂತ್ರಜ್ಞೆ. ಮೂಳೆ, ಹೃದಯ, ಥೈರಾಯ್ಡ್ ಸ್ಕ್ಯಾನ್‌ಗಳಿಗೆ ಬೇಕಾದ ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತುವನ್ನು ಬೆಳಿಗ್ಗೆ ಜನರೇಟರ್‌ನಿಂದ (ವಿದ್ಯುತ್ತಿನದಲ್ಲ, ಈ ವಸ್ತುವನ್ನು ಹುಟ್ಟಿಸಿಕೊಡುವ ಉಪಕರಣ) ತೆಗೆದು, ಅಳೆದು, ಒಬ್ಬೊಬ್ಬ ರೋಗಿಗೆ ಬೇಕಾದಷ್ಟನ್ನು ಸಿರಿಂಜಿಗೆ ತುಂಬಿಕೊಡುವುದು ನನ್ನ ಹೊಣೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಹೇಳುವ ಮಾತೆಂದರೆ, ವಯಲ್‌ನ, ಅಂದರೆ ದ್ರಾವಣದ ಪುಟ್ಟ ಸೀಸೆಯ, ಚೀಟಿಯ ಮೇಲೆ ಮೆಗಾಬೆಕೆರೆಲ್ ಬರೆದು ಗಂಟೆ ಬರೆಯದಿದ್ದರೆ ಆ ಅಂಕಿಯಿಂದ ಯಾವ ಉಪಯೋಗವೂ ಇಲ್ಲ.

ಸೆಕೆಂಡಿಗೆ ಒಂದು ಬೀಜಕಣ (ಪರಮಾಣುವಿನ ನಡುವಿನ ತಿರುಳು) ಕ್ಷಯಿಸಿದರೆ, ಅಂದರೆ ವಿಕಿರಣ ಹೊರಹಾಕಿ ತಾನಾಗಿಯೇ ಬದಲಾದರೆ, ಅದು ಒಂದು ಬೆಕೆರೆಲ್. ಅದರ ಹತ್ತು ಲಕ್ಷದಷ್ಟು ಒಂದು ಮೆಗಾಬೆಕೆರೆಲ್. ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ ಸುಮಾರು 6 ಗಂಟೆ. ಬೆಳಿಗ್ಗೆ 8ಕ್ಕೆ ಮಿಲಿಲೀಟರಿಗೆ 400 ಮೆಗಾಬೆಕೆರೆಲ್ ಇದ್ದ ದ್ರಾವಣದಲ್ಲಿ ಮಧ್ಯಾಹ್ನ 2ಕ್ಕೆ 200 ಉಳಿದಿರುತ್ತದೆ. ಹಾಗಾದರೆ 11 ಗಂಟೆಗೆ ಎಷ್ಟು ಎಂದು ಕೇಳಿದರೆ ಬಹುತೇಕ ಎಲ್ಲರೂ 300 ಎನ್ನುತ್ತಾರೆ. ಉಪಕರಣ ತೋರಿಸುವುದು 283ರ ಆಸುಪಾಸು. ಸಮಾನ ಅವಧಿಯಲ್ಲಿ ಕಳೆದುಹೋಗುವುದು ಉಳಿದಿರುವುದರ ಸಮಾನ ಪಾಲು. ಹೀಗಾಗಿ ಮೊದಲ ಮೂರು ಗಂಟೆಗಳಲ್ಲಿ 117 ಹೋದರೆ ಮುಂದಿನ ಮೂರರಲ್ಲಿ ಹೋಗುವುದು 83 ಮಾತ್ರ. 200 ಮೆಗಾಬೆಕೆರೆಲ್ ಬೇಕಾದ ರೋಗಿಗೆ 8ಕ್ಕೆ ಅರ್ಧ ಮಿಲಿಲೀಟರ್ ಸಾಕು, 11ಕ್ಕೆ 0.71 ಬೇಕು, 2ಕ್ಕೆ ಪೂರ್ತಿ ಒಂದು ಮಿಲಿಲೀಟರೇ ಬೇಕು.

ಇದರ ಹಿಂದಿನ ಕಾರಣ ನನಗೆ ಇಂದಿಗೂ ಅಚ್ಚರಿಯದೇ. ಬೀಜಕಣಕ್ಕೆ ಮುಪ್ಪು ಎಂಬುದಿಲ್ಲ. ಈಗಷ್ಟೇ ಹುಟ್ಟಿದ್ದಕ್ಕೂ ನಿನ್ನೆಯಿಂದ ಉಳಿದುಕೊಂಡು ಬಂದದ್ದಕ್ಕೂ ಮುಂದಿನ ಒಂದು ಗಂಟೆಯಲ್ಲಿ ಕ್ಷಯಿಸುವ ಸಂಭವ ಒಂದೇ. ಯಾವುದು ಯಾವಾಗ ಕ್ಷಯಿಸುತ್ತದೆ ಎಂದು ಯಾರೂ ಹೇಳಲಾರರು, ಆದರೆ ಕೋಟಿ ಕೋಟಿ ಸೇರಿದಾಗ ಲೆಕ್ಕ ಕರಾರುವಾಕ್ಕಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ, ಕಾಯಿಸಿದರೂ, ಬೇರೆ ಔಷಧದೊಂದಿಗೆ ಬೆರೆಸಿದರೂ ನಮ್ಮ ಕೆಲಸಕ್ಕೆ ಲೆಕ್ಕಕ್ಕೆ ಬರುವಷ್ಟು ವ್ಯತ್ಯಾಸವಾಗುವುದಿಲ್ಲ.

ಹೊರಗಿನ ಕಣ ಬಡಿದು ಬೀಜಕಣ ಬದಲಾಗುವ ಬೀಜಕ್ರಿಯೆಗೂ ತಾನಾಗಿಯೇ ಆಗುವ ಕ್ಷಯಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಇಲ್ಲಿಯೇ. ಜನರೇಟರ್‌ನಲ್ಲಿರುವ ಮಾಲಿಬ್ಡಿನಂ-99 ಹೆಚ್ಚಾಗಿ ಬರುವುದು ರಿಯಾಕ್ಟರ್‌ನಲ್ಲಿ ನಡೆಯುವ ಯುರೇನಿಯಂ-235ರ ವಿದಳನದಿಂದ, ಅಂದರೆ ನ್ಯೂಟ್ರಾನ್ ಬಡಿದು ಅದರ ಬೀಜಕಣ ಒಡೆಯುವುದರಿಂದ. ನೂರು ವಿದಳನಗಳಲ್ಲಿ ಸುಮಾರು ಆರರಿಂದ ಅದು ದೊರೆಯುತ್ತದೆ. ನ್ಯೂಟ್ರಾನ್ ಹೀರುವ ನಿಯಂತ್ರಣ ಸರಳುಗಳನ್ನು ಇಳಿಸಿದರೆ ಸರಣಿ ವಿದಳನ ನಿಲ್ಲುತ್ತದೆ, ಆದರೆ ಅಷ್ಟರಲ್ಲಿ ಹುಟ್ಟಿದ ತುಣುಕುಗಳ ಕ್ಷಯವನ್ನು ಯಾವ ಸರಳೂ ತಡೆಯದು. 2011ರಲ್ಲಿ ಫುಕುಶಿಮಾದಲ್ಲಿ ಭೂಕಂಪದ ಕೂಡಲೇ ರಿಯಾಕ್ಟರ್‌ಗಳಲ್ಲಿ ವಿದಳನ ನಿಂತಿದ್ದರೂ, ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟಾಗ ಇಂಧನ ಕರಗಿದ್ದು ಈ ಕ್ಷಯದ ಶಾಖದಿಂದ.

ನಮ್ಮ ಜನರೇಟರ್ ಒಳಗೂ ಅದೇ ನಿಲ್ಲದ ಕ್ಷಯ ನಡೆದಿರುತ್ತದೆ. ಮಾಲಿಬ್ಡಿನಂನ ಅರ್ಧಾಯುಷ್ಯ 66 ಗಂಟೆ. ಅದರ ಬೀಜಕಣದಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗಿ, ಬೀಟಾ ಕಣ ಹೊರಬಿದ್ದು, ಪರಮಾಣು ಸಂಖ್ಯೆ 42 ಇದ್ದದ್ದು 43 ಆದಾಗ ಟೆಕ್ನೀಷಿಯಂ ಹುಟ್ಟುತ್ತದೆ. ಜನರೇಟರ್ ಒಳಗೆ ತುಂಬಿರುವ ಅಲ್ಯುಮಿನಾ ಮಾಲಿಬ್ಡಿನಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಲೈನ್ (ಉಪ್ಪುನೀರು) ಹರಿಸಿದರೆ ಟೆಕ್ನೀಷಿಯಂ ಮಾತ್ರ ತೊಳೆದುಕೊಂಡು ಬರುತ್ತದೆ. ಒಂದು ದಿನ ಬಿಟ್ಟರೆ ಮತ್ತೆ ತುಂಬಿಕೊಂಡಿರುತ್ತದೆ.

ಆದರೆ ಅಲ್ಯುಮಿನಾದ ಹಿಡಿತ ತಪ್ಪಿಸಿಕೊಂಡು ಮಾಲಿಬ್ಡಿನಂನ ಅಂಶವೂ ಕೆಲವೊಮ್ಮೆ ಜೊತೆಗೆ ಬರುವುದುಂಟು. ರೋಗಿಗೆ ಅನಗತ್ಯ ವಿಕಿರಣ ತಗಲುವ ಸಂಗತಿಯಾದ್ದರಿಂದ ಇದರಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ. ಅಮೆರಿಕದ ನಿಯಮದ ಪ್ರಕಾರ ಒಂದು ಮೆಗಾಬೆಕೆರೆಲ್ ಟೆಕ್ನೀಷಿಯಂಗೆ 0.15 ಕಿಲೋಬೆಕೆರೆಲ್ ಮಾಲಿಬ್ಡಿನಂ ಮೀರಬಾರದು. ಈ ಮಿತಿ ಅನ್ವಯಿಸುವುದು ಸೂಜಿ ಚುಚ್ಚುವ ಹೊತ್ತಿಗೆ. ಬೆಳಿಗ್ಗೆ 8ಕ್ಕೆ ಈ ಅನುಪಾತ 0.10 ಬಂದರೆ ನಿಶ್ಚಿಂತೆ ಎನಿಸುತ್ತದೆ. ಆರು ಗಂಟೆಗಳಲ್ಲಿ ಟೆಕ್ನೀಷಿಯಂ ಅರ್ಧಕ್ಕಿಳಿದರೆ ಮಾಲಿಬ್ಡಿನಂ ಕಡಿಮೆಯಾಗುವುದು ಶೇಕಡ 6ರಷ್ಟೇ, ಹಾಗಾಗಿ ಅನುಪಾತ 2 ಗಂಟೆಗೆ 0.19ರ ಹತ್ತಿರ ಹೋಗಿರುತ್ತದೆ. ಮಿತಿಯನ್ನು ಮುಟ್ಟುವುದು ಮಧ್ಯಾಹ್ನ 12ಕ್ಕೆ ತುಸು ಮೊದಲೇ. ಅಂಥ ವಯಲ್‌ನ ಚೀಟಿಯಲ್ಲಿ ಅಳೆದ ಗಂಟೆಯ ಕೆಳಗೆ, ಯಾವ ಗಂಟೆಯ ನಂತರ ಬಳಸಕೂಡದು ಎಂಬುದನ್ನೂ ಅಳೆದವರೇ ಆಗಲೇ ಬರೆಯಬೇಕು.