ಗದ್ದೆ ದೇವರು ಮನೆಗೆ ಬಂದ ಸಂಜೆ

ಬಿ.ಎ. ಎರಡನೇ ವರ್ಷದಲ್ಲಿ ಜಾನಪದ ಪಾಠ ಮಾಡುತ್ತಿದ್ದ ನಮ್ಮ ಕನ್ನಡ ಮೇಡಂ ಒಂದು ಮಾತು ಹೇಳುತ್ತಿದ್ದರು. "ಯಾವ ಊರಿನ ಹಬ್ಬಕ್ಕೆ ಹೋದರೂ ಮೊದಲು ಅಡುಗೆಮನೆ ನೋಡಿ. ದೇವರಿಗೆ ಏನು ಬಡಿಸ್ತಾರೆ, ಹೇಗೆ ಬಡಿಸ್ತಾರೆ ನೋಡಿ." ಆ ಮಾತು ನನಗೆ ಒದಗಿದ್ದು ದೂರದ ಜಪಾನಿನಲ್ಲಿ.

ಹೆಚ್ಚಿನ ಓದಿಗೆಂದು ಕನಜಾವಾದಲ್ಲಿದ್ದೆ. 2018ರ ಡಿಸೆಂಬರ್ 5ರಂದು ಜೊತೆಗೆ ಓದುತ್ತಿದ್ದ ಗೆಳತಿ ನೋಟೋ ಪರ್ಯಾಯ ದ್ವೀಪದಲ್ಲಿರುವ ತನ್ನ ಅಜ್ಜನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿನ ಭತ್ತದ ರೈತರು ಅವತ್ತು 'ಆಎನೊಕೊಟೊ' ಆಚರಿಸುತ್ತಾರೆ. ಕೊಯ್ಲು ಮುಗಿದ ಗದ್ದೆಯಿಂದ ದೇವರನ್ನು ಮನೆಗೆ ಕರೆತಂದು, ಚಳಿ ಕಳೆಯುವವರೆಗೆ ಇರಿಸಿಕೊಂಡು, ಫೆಬ್ರುವರಿ 9ಕ್ಕೆ ಬೀಳ್ಕೊಡುತ್ತಾರೆ. 2009ರಲ್ಲಿ ಇದು ಯುನೆಸ್ಕೋ ಪಟ್ಟಿಗೂ ಸೇರಿದೆ. ಆದರೆ ಇದಕ್ಕೆ ಜಾತ್ರೆ ಇಲ್ಲ, ಗದ್ದಲ ಇಲ್ಲ. ಮನೆ ಯಜಮಾನನೇ ಪೂಜಾರಿ. ಒಂದೊಂದು ಮನೆಯ ಪದ್ಧತಿ ಒಂದೊಂದು ಥರ.

ಈ ದೇವರು ಗಂಡ-ಹೆಂಡತಿ ಜೋಡಿ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ತೆನೆಯ ಸುಂಕು ಚುಚ್ಚಿ ಕಣ್ಣು ಹೋಯಿತು ಎನ್ನುತ್ತಾರೆ. ನಮ್ಮ ಅನ್ನಕ್ಕಾಗಿ ಕಣ್ಣು ಕಳೆದುಕೊಂಡವರು, ಅಲ್ವಾ?

ಅಜ್ಜ ಹಬ್ಬದ ಕಿಮೊನೊ ಉಟ್ಟು ಗದ್ದೆಗೆ ಹೋದರು. ಸಣ್ಣಗೆ ಆಲಿಕಲ್ಲು ಬೀಳುತ್ತಿತ್ತು. ಗುದ್ದಲಿಯಿಂದ ನೆಲ ತಟ್ಟಿ, "ಕರೆದುಕೊಂಡು ಹೋಗಲು ಬಂದಿದ್ದೇನೆ" ಎಂದರು. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತು. "ಇಲ್ಲಿ ಕಾಲುವೆ ಇದೆ, ಹುಷಾರು. ಇದು ಹೊಸ್ತಿಲು." ಬೆಂಕಿಯ ಹತ್ತಿರ ಕೂರಿಸಿ ಮೈ ಬೆಚ್ಚಗೆ ಮಾಡಿದರು. ಆಮೇಲೆ ಬಚ್ಚಲಿಗೆ ಕರೆದೊಯ್ದು, ನೀರಿಗೆ ಕೈ ಅದ್ದಿ ಬಿಸಿ ನೋಡಿ, "ಹದವಾಗಿದೆ" ಎಂದರು. ತೊಟ್ಟಿಯಲ್ಲಿ ಯಾರೂ ಇರಲಿಲ್ಲ. ಆದರೂ ನಾನು ಬಾಗಿಲ ಆಚೆಯೇ ನಿಂತೆ. ಒಳಗೆ ಹೋಗಲು ಸಂಕೋಚವಾಯಿತು.

ಮೇಡಂ ಮಾತು ನೆನಪಾಗಿ ಅಡುಗೆಮನೆಗೆ ಹೋದೆ. ಅಜ್ಜಿ ಎಲ್ಲವನ್ನೂ ಎರಡೆರಡು ಮಾಡಿಟ್ಟಿದ್ದರು. ಕೆಂಪು ಕಾಳು ಹಾಕಿದ ಅನ್ನ, ಇಡೀ ಮೀನು, ಅಮಜಾಕೆ ಎಂಬ ಅಕ್ಕಿಯ ಸಿಹಿ ಪಾನೀಯ, ಕವಲೊಡೆದ ದಪ್ಪ ಬಿಳಿ ಮೂಲಂಗಿ. ಬಿತ್ತನೆ ಭತ್ತದ ಮೂಟೆಗಳೇ ದೇವರು. ಅವುಗಳ ಮುಂದೆ ಅಜ್ಜ ಮಂಡಿಯೂರಿ, ಒಂದೊಂದು ಬಟ್ಟಲನ್ನೂ ತೋರಿಸಿ ಏನೇನಿದೆ ಎಂದು ನಿಧಾನವಾಗಿ ಹೇಳಿದರು. ನಮ್ಮ ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಗೆ ಗದ್ದೆಗೇ ಹೋಗಿ ಬಡಿಸುತ್ತೇವೆ. ಇಲ್ಲಿ ಗದ್ದೆಯೇ ಮನೆಗೆ ಬಂದು ಊಟಕ್ಕೆ ಕೂತಿತ್ತು. ಕೊನೆಗೆ ಅದೇ ಊಟವನ್ನು ನಾವೆಲ್ಲ ಹಂಚಿಕೊಂಡು ಉಂಡೆವು.

2024ರ ಜನವರಿ 1ರಂದು ನೋಟೋದಲ್ಲಿ 7.6 ತೀವ್ರತೆಯ ಭೂಕಂಪವಾಯಿತು. ದೇವರು ಮನೆಗಳಲ್ಲೇ ಇದ್ದ ದಿನಗಳವು. ಎರಡು ದಿನ ಫೋನ್ ಹೋಗಲೇ ಇಲ್ಲ. ಕೊನೆಗೆ ಗೆಳತಿ ಸಿಕ್ಕಳು. ಮನೆಯ ಅರ್ಧ ಕುಸಿದಿತ್ತು, ಅಜ್ಜ-ಅಜ್ಜಿ ಶಾಲೆಯೊಂದರಲ್ಲಿ ಇದ್ದರು. ಎಲ್ಲರೂ ಬೇಡವೆಂದರೂ ಅಜ್ಜ ವಾಪಸು ಹೋಗಿ ಬಿತ್ತನೆ ಭತ್ತದ ಮೂಟೆಗಳನ್ನು ತಂದಿದ್ದರು.

"ಅವರಿಗೆ ಕಣ್ಣು ಕಾಣಲ್ಲ. ನಾನು ಹೋಗದಿದ್ದರೆ ದಾರಿ ಯಾರು ತೋರಿಸ್ತಾರೆ?" ಅಂದರಂತೆ.