ಕಿಡಿಯೊ ಸುತ್ತುವ ಪುಟ್ಟ ಬೆರಳುಗಳು

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೆಯ ಭಾನುವಾರ ಚರ್ಚಿನಲ್ಲಿ ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುತ್ತಾರೆ. ನಮ್ಮ ಮನೆಯಲ್ಲಿ ಕುಸ್ವಾರ್ ಕೆಲಸ ಶುರುವಾಗುವುದು ಅದೇ ದಿನ. ಪೂಜೆ ಮುಗಿಸಿ ಬಂದು, ಊಟದ ಮೇಜಿನ ಮೇಲೆ ಹಳೆಯ ಬಟ್ಟೆ ಹಾಸಿ, ಅಡುಗೆಮನೆಗೆಂದೇ ತೆಗೆದಿಟ್ಟ ನಾಲ್ಕು ಬಾಚಣಿಗೆಗಳನ್ನು ತೊಳೆದು ಒರೆಸಿ ಇಟ್ಟರೆ ಸಾಕು, ಮಕ್ಕಳಿಬ್ಬರೂ ಕರೆಯುವ ಮೊದಲೇ ಬಂದು ಕೂರುತ್ತಾರೆ.

ಕುಸ್ವಾರ್ ಎಂಬುದು ಒಂದು ತಿಂಡಿಯ ಹೆಸರಲ್ಲ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಕ್ರಿಸ್ಮಸ್‌ಗೆಂದು ಮಾಡುವ ತಿಂಡಿಗಳಿಗೆಲ್ಲ ಸೇರಿ ಇರುವ ಹೆಸರು. ಕಿಡಿಯೊ, ಹೂರಣ ತುಂಬಿದ ನೆವ್ರಿ, ಗುಳಿಯೊ, ತುಕ್ಡಿ, ರೋಸ್ ಕುಕೀಸ್, ಅಕ್ಕಿಯ ಉಂಡೆ, ಕೊನೆಗೆ ಕೇಕು. ಮನೆಯಿಂದ ಮನೆಗೆ ಪಟ್ಟಿ ಬದಲಾಗುತ್ತದೆ, ಆದರೆ ಕಿಡಿಯೊ ಇಲ್ಲದ ತಟ್ಟೆಯನ್ನು ನಾನು ಕುಸ್ವಾರ್ ಎಂದು ಒಪ್ಪುವುದಿಲ್ಲ.

ಕೊಂಕಣಿಯಲ್ಲಿ ಕಿಡೊ ಎಂದರೆ ಹುಳು. ಹೆಸರು ಕೇಳಿದೊಡನೆ ಮಕ್ಕಳಿಗೆ ಖುಷಿ. ಮೈದಾಕ್ಕೆ ಮೊಟ್ಟೆ, ಚಿಟಿಕೆ ಉಪ್ಪು, ಗಟ್ಟಿ ತೆಂಗಿನ ಹಾಲು ಹಾಕಿ ಚಪಾತಿ ಹಿಟ್ಟಿಗಿಂತ ತುಸು ಬಿಗಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡುತ್ತೇನೆ. ಅನಂತರ ಗೋಲಿಯಷ್ಟು ಹಿಟ್ಟನ್ನು ಬಾಚಣಿಗೆಯ ಹಲ್ಲಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ ತೆಳುವಾಗಿ ಹರಡಿ, ಒಂದು ಅಂಚಿನಿಂದ ಸುರುಳಿ ಸುತ್ತಿಕೊಂಡು ಬರಬೇಕು. ಆಗ ಹಲ್ಲಿನ ಗೆರೆಗಳು ಹೊರಗೆ ಮೂಡಿ ಪುಟ್ಟ ಶಂಖದಂತೆ ಕಾಣುತ್ತದೆ. ಸುರುಳಿಯ ಕೊನೆಯ ಅಂಚನ್ನು ಚೆನ್ನಾಗಿ ಒತ್ತದಿದ್ದರೆ ಎಣ್ಣೆಗೆ ಬಿದ್ದೊಡನೆ ಬಿಚ್ಚಿಕೊಳ್ಳುತ್ತದೆ. ಈ ಕೆಲಸಕ್ಕೆ ಏಳೆಂಟು ವರ್ಷದ ಮಗುವಿನ ಬೆರಳು ನಮ್ಮ ಬೆರಳಿಗಿಂತ ಎಷ್ಟೋ ಮೇಲು. ಕಿನ್ನಿಗೋಳಿಯ ಅಜ್ಜಿ ಮನೆಯಲ್ಲಿ ನಮ್ಮನ್ನು ಕೂರಿಸುತ್ತಿದ್ದುದು ಮುದ್ದಿಗಲ್ಲ, ಕೆಲಸ ನಿಜವಾಗಿಯೂ ಸಾಗಬೇಕಿತ್ತು. ಒಂದು ಕಿಲೋ ಹಿಟ್ಟಿನ ಕಿಡಿಯೊ ಸುತ್ತಲು ಒಬ್ಬರೇ ಕೂತರೆ ಇಡೀ ಮಧ್ಯಾಹ್ನ ಹೋಗುತ್ತದೆ. ಅಂದು ನಾನು ಬೇಕಾದವಳಾಗಿದ್ದೆ ಎಂಬ ನೆನಪು ಇಂದಿಗೂ ನನ್ನಲ್ಲಿ ಬೆಚ್ಚಗಿದೆ.

ಒಲೆಯ ಹತ್ತಿರ ಮಾತ್ರ ಮಕ್ಕಳಿಗೆ ಪ್ರವೇಶವಿಲ್ಲ. ಗುಳಿಯೊ ಕರಿಯುವಾಗಲಂತೂ ಅವರು ಹೊರಗಿನ ಕೋಣೆಯಲ್ಲೇ ಇರಬೇಕು, ಏಕೆಂದರೆ ಅಕ್ಕಿ ಹಿಟ್ಟು ಮತ್ತು ತೆಂಗಿನ ಹಾಲಿನ ಆ ಸಣ್ಣ ಉಂಡೆಗಳು ಹದ ತಪ್ಪಿದರೆ ಕುದಿಯುವ ಎಣ್ಣೆಯಲ್ಲಿ ಸಿಡಿಯುತ್ತವೆ. ರೋಸ್ ಕುಕೀಸಿನ ಅಚ್ಚನ್ನು ಎಣ್ಣೆಯಲ್ಲೇ ಚೆನ್ನಾಗಿ ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಹಿಟ್ಟು ಅಚ್ಚಿನ ಮೇಲಕ್ಕೆ ಏರಿದರೆ ಹೂವು ಬಿಟ್ಟುಕೊಳ್ಳುವುದಿಲ್ಲ. ಹೊಸ ಅಚ್ಚಾದರೆ ಹಿಂದಿನ ರಾತ್ರಿಯೇ ಎಣ್ಣೆಯಲ್ಲಿ ಮುಳುಗಿಸಿಡುತ್ತೇನೆ.

ಕೇಕಿನದು ಬೇರೆಯೇ ಲೆಕ್ಕ. ಒಣದ್ರಾಕ್ಷಿ, ಖರ್ಜೂರ, ಕಿತ್ತಳೆ ಸಿಪ್ಪೆಯನ್ನು ನವೆಂಬರಿನಲ್ಲೇ ನೆನೆಹಾಕುತ್ತೇವೆ. ಹಿರಿಯರ ಕೇಕಿಗೆ ರಮ್, ಮಕ್ಕಳ ಕೇಕಿಗೆ ಕಿತ್ತಳೆ ರಸ. ಅಜ್ಜಿಯ ಮನೆಯಲ್ಲಿ ಓವನ್ ಇರಲಿಲ್ಲ. ದೊಡ್ಡ ಪಾತ್ರೆಯಲ್ಲಿ ಮರಳು ಹರಡಿ, ಅದರೊಳಗೆ ಕೇಕಿನ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಸುರಿಯುತ್ತಿದ್ದರು. ಇಂದು ಬೆಂಗಳೂರಿನ ನಮ್ಮ ಪುಟ್ಟ ಓವನಿನಲ್ಲಿ 160 ಡಿಗ್ರಿಗೆ ಇಟ್ಟು ಗಾಜಿನ ಮುಂದೆ ಕೂತ ಮಗ, ಮೇಲ್ಮೈ ಬಿರಿಯುವುದನ್ನು ಕಾಯುತ್ತಾನೆ. ಹಣ್ಣಿಗೆ ಒಣ ಹಿಟ್ಟು ಹೊರಳಿಸುವ ಕೆಲಸ ಅವನದೇ. ಹಾಗೆ ಮಾಡಿದರೆ ಹಣ್ಣು ತಳಕ್ಕೆ ಇಳಿಯುವುದು ಕಡಿಮೆ.

ಮಾಡಿದ ತಿಂಡಿ ಡಬ್ಬಿ ಸೇರಿದ ಮೇಲೆ ಕ್ರಿಸ್ಮಸ್ ಮುನ್ನಾದಿನದ ರಾತ್ರಿ ಪೂಜೆ ಮುಗಿಯುವವರೆಗೆ ಯಾರೂ ಮುಚ್ಚಳ ತೆಗೆಯುವ ಹಾಗಿಲ್ಲ. ಮುರಿದದ್ದು, ಬಿಚ್ಚಿಕೊಂಡದ್ದು ಮಾತ್ರ ಅಂದೇ ಮಕ್ಕಳ ಪಾಲು. ಆಗಮನ ಕಾಲ ಎಂದರೆ ಕಾಯುವ ಕಾಲ ಎಂದು ಧರ್ಮೋಪದೇಶದ ತರಗತಿಯಲ್ಲಿ ಹೇಳಿಕೊಡುತ್ತಾರೆ. ಕಪಾಟಿನ ಮೇಲಿನ ಡಬ್ಬಿಯನ್ನು ಹತ್ತು ದಿನ ನೋಡುತ್ತ ಕಳೆದ ಮಗುವಿಗೆ ಆ ಮಾತು ಸುಲಭವಾಗಿ ಅರ್ಥವಾಗುತ್ತದೆ. ಅಂಗಡಿಯ ಕುಸ್ವಾರ್ ಪೆಟ್ಟಿಗೆಗಳು ಈಗ ಎಲ್ಲೆಡೆ ಸಿಗುತ್ತವೆ, ರುಚಿಯೂ ಚೆನ್ನಾಗಿರುತ್ತದೆ, ದುಡಿಯುವ ತಾಯಂದಿರು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೂ ಉಳಿದೆಲ್ಲವನ್ನು ಕೊಂಡರೂ ಕಿಡಿಯೊ ಒಂದನ್ನಾದರೂ ಮಕ್ಕಳೊಂದಿಗೆ ಮನೆಯಲ್ಲಿ ಮಾಡಿ ಎಂದು ನಾನು ಗೆಳತಿಯರನ್ನು ಪ್ರತಿವರ್ಷ ಕೇಳಿಕೊಳ್ಳುತ್ತೇನೆ.

ಮೂರು ವರ್ಷದ ಹಿಂದೆ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡರು. ಸೂತಕದ ವರ್ಷ ನಮ್ಮಲ್ಲಿ ಕುಸ್ವಾರ್ ಮಾಡುವುದಿಲ್ಲ. ಬಾಚಣಿಗೆಗಳು ಡ್ರಾಯರಿನಲ್ಲೇ ಉಳಿದವು, ಓವನ್ ಬಿಸಿಯಾಗಲಿಲ್ಲ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಮಾತ್ರ ಮಕ್ಕಳು ಸದ್ದಿಲ್ಲದೆ ಕಟ್ಟಿದರು. ಅಂಥ ಮನೆಗೆ ಬೇರೆಯವರು ತಟ್ಟೆ ಕಳುಹಿಸಬೇಕು ಎಂಬುದೂ ಅಷ್ಟೇ ಹಳೆಯ ಪದ್ಧತಿಯಾದ್ದರಿಂದ ಚರ್ಚಿನ ಕುಟುಂಬಗಳಿಂದ ಒಂದೆರಡು ತಟ್ಟೆಗಳು ಬಂದವು. ನಾನು ಎದುರುನೋಡದಿದ್ದದ್ದು ಎರಡನೆಯ ಮಹಡಿಯ ಆಂಟಿಯನ್ನು. ಹತ್ತು ವರ್ಷದಿಂದ ನಮ್ಮ ಮನೆಯ ತಟ್ಟೆ ಮೊದಲು ಹೋಗುತ್ತಿದ್ದುದು ಅವರ ಮನೆಗೆ. ದೀಪಾವಳಿಗೆ ಅವರ ತಟ್ಟೆ ನಮಗೆ. ಕ್ರಿಸ್ಮಸ್ ಬೆಳಿಗ್ಗೆ ಅವರು ಕರ್ಜಿಕಾಯಿ ತುಂಬಿದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಈ ಸಲ ನಿಮ್ಮ ಮನೇಲಿ ಏನೂ ಮಾಡೋದಿಲ್ಲವಂತಲ್ಲ, ಮಕ್ಕಳು ಹಬ್ಬದ ದಿನ ಬರಿಬಾಯಲ್ಲಿ ಇರಬಾರದಮ್ಮ" ಎಂದರು.

ಮಗಳು ಒಂದನ್ನು ಕೈಗೆತ್ತಿಕೊಂಡು ಅಂಚನ್ನು ಬಹಳ ಹೊತ್ತು ನೋಡಿದಳು. ನಮ್ಮ ನೆವ್ರಿಯ ಅಂಚನ್ನು ನಾವು ಹಲ್ಲಿನ ಚಕ್ರದಿಂದ ಕತ್ತರಿಸುತ್ತೇವೆ. ಆಂಟಿ ಬೆರಳಿನಿಂದಲೇ ಮಡಿಸಿ ಮಡಿಸಿ ಹಗ್ಗದಂತೆ ಹೆಣೆದಿದ್ದರು. ಹೂರಣ ಹೆಚ್ಚುಕಡಿಮೆ ಒಂದೇ, ಎಳ್ಳು, ಕೊಬ್ಬರಿ, ಏಲಕ್ಕಿ. "ಅಮ್ಮಾ, ಇದೂ ನೆವ್ರಿನೇ" ಎಂದಳು.

ಮರುವರ್ಷ ಅವಳು ಆಂಟಿಯ ಮನೆಗೆ ಹೋಗಿ ಆ ಮಡಿಕೆಯನ್ನು ಕಲಿತು ಬಂದಳು. ಈಗ ಚಕ್ರವನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ. ಎರಡನೆಯ ಮಹಡಿಗೆ ಹೋಗುವ ತಟ್ಟೆಯ ನೆವ್ರಿಗಳನ್ನೆಲ್ಲ ಅವಳೇ ಕೈಯಿಂದ ಮಡಿಸುತ್ತಾಳೆ.